ಜಾಜ್ ಕೇಳುವವರು ವಿಶ್ಲೇಷಣೆ ಓದುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೇಳಿ ಖುಷಿಪಟ್ಟರೆ ಸಾಲದಾ? ವಿಶ್ಲೇಷಣೆ ಯಾಕೆ ಓದಬೇಕು?

ಸಾಲುತ್ತೆ. ಖುಷಿಯಾಗಿ ಕೇಳುತ್ತಿರುವವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಒಂದೇ ರೆಕಾರ್ಡನ್ನು ಹತ್ತಾರು ಸಲ ಕೇಳಿದ ಮೇಲೆ ಒಂದು ಅನುಮಾನ ಶುರುವಾಗುತ್ತದೆ. ಈ ಟ್ರಂಪೆಟ್ ಊದುವವನು ಬಾಯಿಗೆ ಬಂದದ್ದು ಊದುತ್ತಿದ್ದಾನಾ, ಇಲ್ಲಾ ಕೆಳಗೆ ಏನೋ ಲೆಕ್ಕ ಇದೆಯಾ? ಐದಾರು ಜನ ಕಣ್ಸನ್ನೆಯೂ ಇಲ್ಲದೆ ಒಂದೇ ಜಾಗಕ್ಕೆ ಬಂದು ಇಳಿಯುವುದು ಹೇಗೆ? ಈ ಪ್ರಶ್ನೆ ತಲೆಗೆ ಬಂದ ಮೇಲೆ ವಿಶ್ಲೇಷಣೆ ಓದಿ. ಅದಕ್ಕೆ ಮೊದಲು ಓದಿದರೆ ನಿದ್ದೆ ಬರುತ್ತದೆ.

ಒಂದು ಒಳ್ಳೆಯ ವಿಶ್ಲೇಷಣೆಯ ಇಪ್ಪತ್ತು ಪುಟದಲ್ಲಿ ‘ಇಲ್ಲಿ ಸ್ವಲ್ಪ ಕಿವಿ ಕೊಡು’ ಅನ್ನುವಂಥ ಎರಡು ಮೂರು ಜಾಗ ಇರುತ್ತವೆ. ನಾನು ಓದುವುದು ಅವುಗಳಿಗಾಗಿ. ಅಂಥ ಒಂದು ಜಾಗ ಹಿಡಿದುಕೊಂಡು ರೆಕಾರ್ಡಿಗೆ ವಾಪಸ್ ಹೋಗಿ, ಬರೆದವರು ಹೇಳಿದ್ದು ನಿಜವಾಗಿಯೂ ಕೇಳಿಸುತ್ತಾ ಅಂತ ನೋಡುತ್ತೇನೆ. ಕೇಳಿಸಿದರೆ ನನ್ನದಾಯಿತು. ಕೇಳಿಸದಿದ್ದರೆ ಮುಂದಿನ ವರ್ಷ ನೋಡೋಣ ಅಂತ ಬಿಡುತ್ತೇನೆ.

ನನಗೆ ಸ್ಟಾಫ್ ನೊಟೇಶನ್ ಓದಲು ಬರುವುದಿಲ್ಲ. ಆದರೂ ಆಗುತ್ತಾ?

ಆಗುತ್ತೆ. ನನಗೂ ಸರಾಗವಾಗಿ ಬರುವುದಿಲ್ಲ. ಐದು ಗೆರೆಯ ಮೇಲಿನ ಚುಕ್ಕೆಗಳು ಮೇಲೆ ಹೋಗುತ್ತಿವೆಯಾ, ಕೆಳಗೆ ಬರುತ್ತಿವೆಯಾ, ದಟ್ಟವಾಗಿವೆಯಾ, ಬಿಡಿ ಬಿಡಿಯಾಗಿವೆಯಾ ಅಂತ ನೋಡಿದರೂ ಅರ್ಧ ಕೆಲಸ ಆಗುತ್ತದೆ. ಬಸ್ಸಿನ ಬೋರ್ಡು ಓದುವಷ್ಟು ತಮಿಳು ಬಂದರೆ ಚೆನ್ನೈನಲ್ಲಿ ಓಡಾಡಬಹುದಲ್ವಾ, ಹಾಗೆ.

ಅದಕ್ಕಿಂತ ಮುಖ್ಯವಾದದ್ದು ಎಣಿಸುವುದು. ಜಾಜ್ ವಿಶ್ಲೇಷಣೆಯಲ್ಲಿ ಮುಕ್ಕಾಲು ಪಾಲು ಮಾತು ‘ಎರಡನೇ ಕೋರಸ್ಸಿನ ಹದಿನೇಳನೇ ಬಾರ್‌ನಲ್ಲಿ’ ಎಂಬ ಧಾಟಿಯಲ್ಲೇ ಇರುತ್ತದೆ. ಆ ಜಾಗ ಎಲ್ಲಿದೆ ಅಂತ ಕಂಡುಹಿಡಿಯಲು ಬಂದರೆ ಓದಿದ್ದಕ್ಕೆ ಅರ್ಥ ಬರುತ್ತದೆ. ತಾಳ ಹಾಕಿ ಅಭ್ಯಾಸ ಇರುವವರಿಗೆ ಇದು ಸಲೀಸು. ಒಂದು ಬಾರ್ ಅಂದರೆ ಸಾಮಾನ್ಯವಾಗಿ ನಾಲ್ಕು ಎಣಿಕೆ. ಆದಿತಾಳದ ಒಂದು ಆವರ್ತನಕ್ಕೆ ಎರಡು ಬಾರ್. ಹಾಗಾಗಿ 8 ಬಾರ್ ಅಂದರೆ ಆದಿತಾಳ ನಾಲ್ಕು ಸಲ, 32 ಬಾರ್ ಅಂದರೆ ಹದಿನಾರು ಸಲ. ನಾನು ಇವತ್ತಿಗೂ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ತೊಡೆಯ ಮೇಲೆ ಹೀಗೇ ಎಣಿಸುತ್ತೇನೆ. ಪಕ್ಕದವರು ನನ್ನನ್ನು ಮೃದಂಗದ ವಿದ್ಯಾರ್ಥಿ ಅಂದುಕೊಂಡದ್ದೂ ಉಂಟು.

ಕನಿಷ್ಠ ಎಷ್ಟು ಪದ ಗೊತ್ತಿರಬೇಕು?

ಆರೇಳು ಸಾಕು. ಶುರುವಿನಲ್ಲಿ ಎಲ್ಲರೂ ಸೇರಿ ನುಡಿಸುವ ರಾಗಧಾಟಿ ‘ಹೆಡ್’. ಆ ಹಾಡಿನ ಪೂರ್ತಿ ಒಂದು ಸುತ್ತು ‘ಕೋರಸ್’. ನಮ್ಮಲ್ಲಿ ಕೋರಸ್ ಅಂದರೆ ಗುಂಪಿನಲ್ಲಿ ಹಾಡುವುದು, ಇಲ್ಲಿ ಆ ಅರ್ಥ ಬೇಡ. ‘ಎರಡು ಕೋರಸ್ ಸೋಲೋ’ ಅಂದರೆ ಒಬ್ಬರೇ ಎರಡು ಸುತ್ತು ಮನೋಧರ್ಮ ಮಾಡಿದರು ಅಂತ. ಹಾಡಿನ ಮಧ್ಯೆ ಬಣ್ಣ ಬದಲಾಗುವ 8 ಬಾರ್ ‘ಬ್ರಿಜ್’. ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಕಾರ್ಡ್, ಕೆಳಗೆ ಬದಲಾಗುತ್ತಾ ಹೋಗುವ ಆ ಕಾರ್ಡ್‌ಗಳ ಸಾಲು ‘ಚೇಂಜಸ್’. ಸೋಲೋ ನಡೆಯುವಾಗ ಪಿಯಾನೋದವರು ಚುಟುಕಾಗಿ ಕೊಡುವ ಉತ್ತರ ‘ಕಾಂಪಿಂಗ್’. ಒಂದು ಕಾರ್ಡಿನ ಸ್ವರಗಳನ್ನು ಮೇಲೆ ಕೆಳಗೆ ಹೇಗೆ ಜೋಡಿಸಿಟ್ಟಿದ್ದಾರೆ ಅನ್ನುವುದು ‘ವಾಯ್ಸಿಂಗ್’. ಡಬಲ್ ಬೇಸ್ ಪ್ರತಿ ಎಣಿಕೆಗೂ ಒಂದೊಂದು ಸ್ವರ ಇಟ್ಟು ನಡೆದರೆ ‘ವಾಕಿಂಗ್ ಬೇಸ್’. ಉಳಿದ ಪದಗಳು ಬಂದಾಗ ನೋಡಿಕೊಳ್ಳಬಹುದು.

ಕಾರ್ಡ್ ಬದಲಾಯಿತು ಅನ್ನುತ್ತಾರೆ. ನನಗೆ ಏನೂ ಬದಲಾದ ಹಾಗೆ ಕೇಳಿಸುವುದಿಲ್ಲ. ಏನು ಮಾಡಲಿ?

ಒಂದೇ ಷಡ್ಜದ ಮೇಲೆ ಕಿವಿ ಕೂತಿರುವ ನಮಗೆ ಕಷ್ಟವಾಗುವುದು ಇದೇ. ಐದು ನಿಮಿಷದ ಒಂದು ಪ್ರಯೋಗ ಮಾಡಿ ನೋಡಿ. ಫೋನಿನಲ್ಲಿ ಯಾವುದಾದರೂ ತಂಬೂರಿ ಆ್ಯಪ್ ಹಾಕಿ, ಶ್ರುತಿ ಸಿ ಇಡಿ. ಪಂಚಮ ಹಾಡಿ, ಹಿಡಿದುಕೊಳ್ಳಿ. ನಿಮ್ಮ ದನಿ ಈಗ ಜಿ ಸ್ವರದಲ್ಲಿದೆ. ದನಿ ಅಲ್ಲಾಡಿಸದೆ, ಇನ್ನೊಬ್ಬರಿಗೆ ಹೇಳಿ ಶ್ರುತಿಯನ್ನು ಇ ಫ್ಲ್ಯಾಟ್‌ಗೆ ಬದಲಾಯಿಸಿ. ನೀವು ಹಾಡುತ್ತಿರುವುದು ಅದೇ ಸ್ವರ, ಆದರೆ ಈಗ ಅದು ಅಂತರ ಗಾಂಧಾರವಾಗಿ ಕೇಳುತ್ತದೆ. ಇನ್ನೊಮ್ಮೆ ಶ್ರುತಿಯನ್ನು ಎಫ್‌ಗೆ ತನ್ನಿ. ಅದೇ ದನಿ ಚತುಶ್ರುತಿ ರಿಷಭವಾಯಿತು. ಪಂಚಮದಲ್ಲಿದ್ದಾಗ ಆರಾಮಾಗಿ ಕೂತಿದ್ದ ಸ್ವರ ಈಗ ಎಲ್ಲಿಗೋ ಹೊರಡಬೇಕು ಅನ್ನುತ್ತಿರುತ್ತದೆ.

ನಮ್ಮಲ್ಲಿ ನೆಲ ಕದಲುವುದಿಲ್ಲ, ಸ್ವರ ಓಡಾಡುತ್ತದೆ. ಇಲ್ಲಿ ಸ್ವರ ನಿಂತಲ್ಲೇ ನಿಂತರೂ ಕೆಳಗಿನ ನೆಲ ಸರಿಯುತ್ತದೆ. ಕಾರ್ಡ್ ಅಂದರೆ ಶ್ರುತಿ ಬದಲಾವಣೆಯೇ ಅಂತ ಪಂಡಿತರ ಮುಂದೆ ಹೇಳಿದರೆ ಜಗಳಕ್ಕೆ ಬರುತ್ತಾರೆ, ಅದು ಪೂರ್ತಿ ಸರಿಯೂ ಅಲ್ಲ. ಆದರೆ ಕಿವಿ ಹದ ಮಾಡಿಕೊಳ್ಳಲು ನನಗೆ ಇದಕ್ಕಿಂತ ಸುಲಭದ ದಾರಿ ಸಿಕ್ಕಿಲ್ಲ.

ಯಾವ ರೆಕಾರ್ಡಿನಿಂದ ಶುರು ಮಾಡಲಿ?

ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’, ಅದರ ಮೊದಲ ಹಾಡು ‘ಸೋ ವಾಟ್’. ಎಲ್ಲರೂ ಇದನ್ನೇ ಹೇಳುತ್ತಾರೆ, ಗೊತ್ತು. ಆದರೆ ವಿಶ್ಲೇಷಣೆಯ ಜತೆ ಕೇಳಲು ಇದಕ್ಕಿಂತ ಸ್ಪಷ್ಟವಾದದ್ದು ಇಲ್ಲ. 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೋದಲ್ಲಿ ಈ ಆಲ್ಬಮ್ ರೆಕಾರ್ಡ್ ಆಯಿತು. ಈ ಹಾಡಿನಲ್ಲಿ ಟ್ರಂಪೆಟ್ ಮೈಲ್ಸ್, ಟೆನರ್ ಸ್ಯಾಕ್ಸೋಫೋನ್ ಜಾನ್ ಕೋಲ್ಟ್ರೇನ್, ಆಲ್ಟೊ ಸ್ಯಾಕ್ಸೋಫೋನ್ ಕ್ಯಾನನ್‌ಬಾಲ್ ಆ್ಯಡರ್ಲಿ, ಪಿಯಾನೋ ಬಿಲ್ ಎವನ್ಸ್, ಬೇಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಜಿಮ್ಮಿ ಕಾಬ್.

ಯಾವ ವಿಶ್ಲೇಷಣೆ ತೆಗೆದರೂ ಮೊದಲ ಸಾಲು ಹೀಗಿರುತ್ತದೆ: 32 ಬಾರ್, ಎ-ಎ-ಬಿ-ಎ (ಬಿ ಅಂದರೆ ಬ್ರಿಜ್), ಡಿ ಡೋರಿಯನ್ 16 ಬಾರ್, ಇ ಫ್ಲ್ಯಾಟ್ ಡೋರಿಯನ್ 8, ಮತ್ತೆ ಡಿ ಡೋರಿಯನ್ 8. ಓದಿದರೆ ಕರೆಂಟ್ ಬಿಲ್ಲಿನ ಹಿಂಬದಿ ಓದಿದ ಹಾಗಿದೆ. ಆದರೆ ಡೋರಿಯನ್ ಅಂದರೆ ಸ್ವರಸ್ಥಾನದ ಲೆಕ್ಕದಲ್ಲಿ ನಮ್ಮ ಖರಹರಪ್ರಿಯ. ಹಿಂದೂಸ್ತಾನಿ ಕಲಿತವರಿಗೆ ಕಾಫಿ ಥಾಟ್. ರಾಗವಲ್ಲ, ಬರೀ ಸ್ವರಗಳು. ಆ ಸಾಲನ್ನು ನಮ್ಮ ಭಾಷೆಗೆ ತಂದರೆ ಇಷ್ಟೇ: ಡಿ ಶ್ರುತಿಯಲ್ಲಿ ಖರಹರಪ್ರಿಯ ಆದಿತಾಳ ಎಂಟು ಆವರ್ತನ, ಷಡ್ಜವನ್ನೇ ಒಂದು ಮನೆ ಮೇಲಕ್ಕೆ ಎತ್ತಿ ನಾಲ್ಕು ಆವರ್ತನ, ಮತ್ತೆ ಕೆಳಗಿಳಿದು ನಾಲ್ಕು ಆವರ್ತನ. ಒಂಬತ್ತು ನಿಮಿಷದ ಹಾಡು ಪೂರ್ತಿ ಈ ಸುತ್ತಿನಲ್ಲೇ ತಿರುಗುತ್ತದೆ.

ಈಗ ಗಡಿಯಾರ ನೋಡಿ ಕೇಳಿ. ತಾಳವಿಲ್ಲದ ಪೀಠಿಕೆ ಅರ್ಧ ನಿಮಿಷ. ಆಮೇಲೆ ಬೇಸ್ ಪ್ರಶ್ನೆ ಕೇಳುತ್ತದೆ, ಪಿಯಾನೋ ಎರಡು ಕಾರ್ಡಿನ ಉತ್ತರ ಕೊಡುತ್ತದೆ. ಸ್ವಲ್ಪ ಹೊತ್ತಿಗೆ ಊದುವವರೂ ಆ ಉತ್ತರಕ್ಕೆ ಸೇರಿಕೊಳ್ಳುತ್ತಾರೆ. ಹೆಡ್ ಮುಗಿದು ಸುಮಾರು ಒಂದೂವರೆ ನಿಮಿಷಕ್ಕೆ ಮೈಲ್ಸ್ ಸೋಲೋ ಶುರುಮಾಡುವ ಹೊತ್ತಿಗೆ ಜಿಮ್ಮಿ ಕಾಬ್ ಸಿಂಬಲ್ ಮೇಲೆ ಒಂದು ಏಟು ಕೊಡುತ್ತಾರೆ. ಆ ಏಟಿನಿಂದ ಎಣಿಸಿ. ಒಂದು ಸುತ್ತಿಗೆ 56 ಸೆಕೆಂಡಿನ ಆಸುಪಾಸು. 28 ಸೆಕೆಂಡಿಗೆ ಬ್ರಿಜ್ ಬರಬೇಕು. ಮೈಲ್ಸ್ ಊದುವುದನ್ನು ಬಿಟ್ಟು ಬೇಸ್ ಮೇಲೆ ಕಿವಿ ಇಟ್ಟರೆ, ಇಡೀ ಮನೆಯನ್ನು ಯಾರೋ ಜಾಕ್ ಹಾಕಿ ಒಂದಿಂಚು ಎತ್ತಿದ ಹಾಗೆ ಆಗುತ್ತದೆ. ಇನ್ನು 14 ಸೆಕೆಂಡಿಗೆ ಇಳಿಸುತ್ತಾರೆ. ಮೊದಲ ದಿನ ನನಗೆ ಎತ್ತಿದ್ದು ಗೊತ್ತಾಯಿತು, ಇಳಿಸಿದ್ದು ಗೊತ್ತಾಗಲಿಲ್ಲ. ನಾಲ್ಕನೇ ದಿನ ಎರಡೂ ಸಿಕ್ಕವು.

ಆ ಎರಡು ಕಾರ್ಡಿನ ಉತ್ತರದ ಬಗ್ಗೆ ಪುಸ್ತಕಗಳಲ್ಲಿ ಪುಟಗಟ್ಟಲೆ ಇದೆ. ಅದನ್ನು ‘ಸೋ ವಾಟ್ ಕಾರ್ಡ್’ ಅಂತಲೇ ಕರೆಯುತ್ತಾರೆ. ಡಿಯನ್ನು ಷಡ್ಜ ಅಂದುಕೊಂಡರೆ ಮೊದಲ ಕಾರ್ಡ್ ಕೆಳಗಿನಿಂದ ಮೇಲಕ್ಕೆ ರಿ-ಪ-ಸ-ಮ-ಧ, ಎರಡನೆಯದು ಸ-ಮ-ನಿ-ಗ-ಪ. ಪಕ್ಕದ ಎರಡು ಸ್ವರಗಳ ನಡುವಿನ ದೂರ ನೋಡಿ: ಸ-ಮ ದೂರ ಮೂರು ಸಲ, ಮೇಲ್ತುದಿಯಲ್ಲಿ ಮಾತ್ರ ಸ-ಅಂತರ ಗಾಂಧಾರದ ದೂರ. ಸಾಮಾನ್ಯ ಕಾರ್ಡ್‌ಗಳಲ್ಲಿ ಸ್ವರಗಳು ಇದಕ್ಕಿಂತ ಹತ್ತಿರ ಕೂತಿರುತ್ತವೆ. ಇಲ್ಲಿ ನಡುವೆ ಗಾಳಿಯಾಡುತ್ತದೆ. ‘ಇದೇಕೋ ಖಾಲಿ ಖಾಲಿ ಅನಿಸುತ್ತದೆ, ಆದರೆ ಚೆನ್ನಾಗಿದೆ’ ಅಂತ ನೀವು ಮೊದಲೇ ಅಂದುಕೊಂಡಿದ್ದರೆ, ಅದಕ್ಕೆ ಕಾರಣ ಇದು. ಹಾರ್ಮೋನಿಯಂ ಇದ್ದರೆ ಒತ್ತಿ ನೋಡಿ. ಐದು ಬೆರಳು ಒಂದೇ ಕೈಗೆ ಎಟುಕುವುದಿಲ್ಲ, ಯಾರನ್ನಾದರೂ ಪಕ್ಕಕ್ಕೆ ಕೂರಿಸಿಕೊಳ್ಳಿ.

ಮೊದಲು ಓದಬೇಕಾ, ಮೊದಲು ಕೇಳಬೇಕಾ?

ಮೊದಲು ಕೇಳಿ. ಹಾಡು ಅರ್ಧಂಬರ್ಧ ಬಾಯಿಗೆ ಬರುವಷ್ಟು ಕೇಳಿ. ಆಮೇಲೆ ಒಂದು ಪುಟ ಓದಿ, ಮತ್ತೆ ಕೇಳಿ. ನಾನು ಮೊದಲು ತಂದ ದಪ್ಪ ಪುಸ್ತಕದಲ್ಲಿ ಇದರ ತಿರುಗುಮುರುಗು ಮಾಡಿದೆ. ಕೇಳದೇ ಇದ್ದ ರೆಕಾರ್ಡುಗಳ ಬಗ್ಗೆ ನಲವತ್ತು ಪುಟ ಓದಿ, ಏನೂ ತಲೆಗೆ ಹತ್ತದೆ, ಅದನ್ನು ಕಪಾಟಿನ ಮೇಲೆ ಎಸೆದಿದ್ದೆ. ಊಟ ಮಾಡದೆ ಅಡುಗೆ ಪುಸ್ತಕ ಓದಿದರೆ ಹಸಿವು ಜಾಸ್ತಿ ಆಗುವುದು ಬಿಟ್ಟರೆ ಇನ್ನೇನಾಗುತ್ತೆ?

ಹಳೇ ಕಾಲದ ರೆಕಾರ್ಡ್‌ಗಳಲ್ಲಿ ಇಷ್ಟೆಲ್ಲ ವಿಶ್ಲೇಷಣೆ ಮಾಡುವಂಥದ್ದು ಇದೆಯಾ?

ಇದೆ, ಮತ್ತು ಅವು ಚಿಕ್ಕವು. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ಹಾಗಾಗಿ ಒಂದು ಸಂಜೆಯಲ್ಲಿ ಪೂರ್ತಿ ರೆಕಾರ್ಡ್ ಹತ್ತು ಸಲ ಕೇಳಬಹುದು.

ಲೂಯಿ ಆರ್ಮ್‌ಸ್ಟ್ರಾಂಗ್ 1928ರ ಜೂನ್ 28ರಂದು ಶಿಕಾಗೋದಲ್ಲಿ ರೆಕಾರ್ಡ್ ಮಾಡಿದ ‘ವೆಸ್ಟ್ ಎಂಡ್ ಬ್ಲೂಸ್’ ತೆಗೆದುಕೊಳ್ಳಿ. ಬರೆದದ್ದು ಅವರ ಗುರುಸಮಾನರಾದ ಕಿಂಗ್ ಆಲಿವರ್. ಇದು 12 ಬಾರ್ ಬ್ಲೂಸ್, ಅಂದರೆ ಆದಿತಾಳ ಆರು ಆವರ್ತನದ ಸುತ್ತು. ನೆಲ ಹೇಗೆ ಸರಿಯುತ್ತದೆ ಅಂದರೆ, ಸರಳ ರೂಪದಲ್ಲಿ, ಷಡ್ಜದ ಮೇಲೆ 4 ಬಾರ್, ಮಧ್ಯಮದ ಮೇಲೆ 2, ಷಡ್ಜಕ್ಕೆ ವಾಪಸ್ 2, ಪಂಚಮದ ಮೇಲೆ 2, ಮತ್ತೆ ಷಡ್ಜ 2. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಸಾವಿರಾರು ರೆಕಾರ್ಡುಗಳ ಬಾಗಿಲು ಇದೇ ಕೀಲಿಗೆ ತೆಗೆಯುತ್ತದೆ.

ಹಾಡು ಶುರುವಾಗುವುದು ಯಾರ ಜತೆಯೂ ಇಲ್ಲದೆ ಟ್ರಂಪೆಟ್ ಒಂದೇ ಊದುವ ಸುಮಾರು 12 ಸೆಕೆಂಡಿನ ಪೀಠಿಕೆಯಿಂದ. ವಿಶ್ಲೇಷಕರು ಹೆಚ್ಚು ಬರೆದಿರುವುದು ಅದರ ಬಗ್ಗೆ. ನನ್ನ ಮಟ್ಟಿಗೆ ಜೀವ ಇರುವುದು ಕೊನೆಯ ಕೋರಸ್ಸಿನಲ್ಲಿ. ಅರ್ಲ್ ಹೈನ್ಸ್ ಪಿಯಾನೋದಲ್ಲಿ ಮಿಂಚು ಹರಿಸಿ ಮುಗಿಸಿದ ಮೇಲೆ ಆರ್ಮ್‌ಸ್ಟ್ರಾಂಗ್ ಬಂದು ಮೇಲಿನ ಬಿ ಫ್ಲ್ಯಾಟ್ ಒಂದನ್ನೇ ಹಿಡಿದು ನಿಲ್ಲುತ್ತಾರೆ. ಹತ್ತಿರ ಹತ್ತಿರ 4 ಬಾರ್. ಹಾಡಿನ ಶ್ರುತಿ ಇ ಫ್ಲ್ಯಾಟ್, ಅಂದರೆ ಅದು ಪಂಚಮ. ಮೇಲೆ ಹೇಳಿದ ಲೆಕ್ಕದಲ್ಲಿ ಮೊದಲ 4 ಬಾರ್ ನೆಲ ಷಡ್ಜದ ಮೇಲೇ ಇರುತ್ತದೆ. ನೆಲ ಕದಲುವ ಹೊತ್ತಿಗೆ ಸರಿಯಾಗಿ ಆ ಕಾರ್ವೆಯನ್ನು ಒಡೆದು ಝರಿಯ ಹಾಗೆ ಕೆಳಗೆ ಸುರಿಸುತ್ತಾರೆ. ಒಳ್ಳೆಯ ಹಾಡುಗಾರರು ತಾರಸ್ಥಾಯಿಯಲ್ಲಿ ನಿಂತು ಸಭೆಯ ಉಸಿರು ಕಟ್ಟಿಸುತ್ತಾರಲ್ಲ, ಅದೇ ಕಸುಬು. ಯಾವ ಬಾರ್‌ನಲ್ಲಿ ಒಡೆದರು ಅಂತ ಗೊತ್ತಾದ ಮೇಲೆ ನನಗೆ ಆ ಜಾಗ ಇನ್ನೂ ಜಾಸ್ತಿ ಮೈ ನಡುಗಿಸುತ್ತದೆ.

ಇಂಪ್ರೊವೈಸೇಶನ್ ಅನ್ನುತ್ತಾರೆ, ಆದರೆ ಒಂದೇ ತುಣುಕನ್ನು ಮತ್ತೆ ಮತ್ತೆ ಬಳಸುತ್ತಾರೆ ಅಂತಲೂ ಓದಿದೆ. ಹಾಗಾದರೆ ಮೋಸ ಅಲ್ವಾ?

ಅಲ್ಲ. ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಅವರ ಸೋಲೋಗಳನ್ನು ನೂರಾರು ಲೆಕ್ಕದಲ್ಲಿ ಬರೆದುಕೊಂಡು ಥಾಮಸ್ ಓವೆನ್ಸ್ 1974ರಲ್ಲಿ ಒಂದು ದೊಡ್ಡ ಸಂಶೋಧನಾ ಪ್ರಬಂಧ ಮಾಡಿದರು. ಪಾರ್ಕರ್ ಮರಳಿ ಮರಳಿ ಬಳಸುವ ನೂರರಷ್ಟು ತುಣುಕುಗಳ ಪಟ್ಟಿ ಅದರಲ್ಲಿದೆ. ಕೆಲವರಿಗೆ ಇದನ್ನು ಓದಿ ಬೇಜಾರಾಯಿತು. ನಮಗೆ ಆಗಬಾರದು. ತೋಡಿ ಹಾಡುವವರು ತೋಡಿಯ ಸಂಚಾರಗಳನ್ನು ಬಿಟ್ಟು ಹಾಡುತ್ತಾರಾ? ಗೊತ್ತಿರುವ ತುಣುಕುಗಳನ್ನು ಎಲ್ಲಿ, ಯಾವುದರ ಬೆನ್ನಿಗೆ, ಎಷ್ಟು ಬೇಗ ಜೋಡಿಸಿದರು ಅನ್ನುವುದರಲ್ಲೇ ಮನೋಧರ್ಮ ಇರುವುದು.

1945ರ ನವೆಂಬರ್ 26ರಂದು ಪಾರ್ಕರ್ ಮಾಡಿದ ‘ಕೋ-ಕೋ’ ಕೇಳಿ. ವೇಗ ನಿಮಿಷಕ್ಕೆ 300 ಎಣಿಕೆಯ ಹತ್ತಿರ. 64 ಬಾರ್‌ಗಳ ಒಂದು ಕೋರಸ್ ಒಂದು ನಿಮಿಷದೊಳಗೆ ಮುಗಿಯುತ್ತದೆ. ಕೆಳಗಿರುವ ಕಾರ್ಡ್‌ಗಳು ‘ಚೆರೊಕಿ’ ಎಂಬ ಆಗಿನ ಜನಪ್ರಿಯ ಹಾಡಿನವು. ಮೊದಲ ಟೇಕ್‌ನಲ್ಲಿ ಆ ಹಾಡಿನ ಧಾಟಿಯನ್ನೇ ನುಡಿಸಲು ಹೋಗುತ್ತಾರೆ, ನಡುವೆಯೇ ನಿಲ್ಲಿಸಿಬಿಡುತ್ತಾರೆ. ಧಾಟಿಗೆ ಹಕ್ಕುದಾರರಿದ್ದಾರೆ, ರಾಯಲ್ಟಿ ಕೊಡಬೇಕು. ಕಾರ್ಡ್‌ಗಳ ಸಾಲಿಗೆ ಅದು ಅನ್ವಯಿಸುವುದಿಲ್ಲ. ಬೀಬಾಪ್ ಕಾಲದ, ಅಂದರೆ ಪಾರ್ಕರ್ ಥರದವರ ಈ ವೇಗದ ಜಾಜ್ ಕಾಲದ, ಎಷ್ಟೋ ಹಾಡುಗಳು ಹೀಗೆ ಹಳೇ ಪಾಯದ ಮೇಲೆ ಎದ್ದ ಹೊಸ ಮನೆಗಳು.

ಅದೇ ಸೋಲೋದ ಎರಡನೇ ಕೋರಸ್ ಶುರುವಾಗುವಾಗ ಪಾರ್ಕರ್ ‘ಹೈ ಸೊಸೈಟಿ’ ಎಂಬ ನ್ಯೂ ಆರ್ಲಿಯನ್ಸ್‌ನ ಹಳೇ ಮಾರ್ಚ್‌ನ ಕ್ಲಾರಿನೆಟ್ ಸಾಲೊಂದನ್ನು ಎತ್ತಿಕೊಳ್ಳುತ್ತಾರೆ. ಆ ವೇಗದಲ್ಲಿ, ಸುಮ್ನೆ ತಮಾಷೆಗೆ ಅನ್ನುವ ಹಾಗೆ! ಓದದೇ ಇದ್ದಿದ್ದರೆ ನನಗೆ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಈಗ ಆ ಜಾಗ ಬಂದಾಗಲೆಲ್ಲ ನಗು ಬರುತ್ತದೆ.

ಕೋಲ್ಟ್ರೇನ್ ಅವರ ‘ಜೈಂಟ್ ಸ್ಟೆಪ್ಸ್’ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ನಿಜವಾಗಿ ಅಷ್ಟು ಕಷ್ಟನಾ?

ನುಡಿಸುವವರಿಗೆ ಕಷ್ಟ. ಓದುವವರಿಗೆ ಅಷ್ಟಿಲ್ಲ. ಸೋ ವಾಟ್‌ನಲ್ಲಿ ನೆಲ 28 ಸೆಕೆಂಡ್ ಅಲುಗಾಡದೆ ಇತ್ತಲ್ವಾ? ಇಲ್ಲಿ 16 ಬಾರ್‌ಗೆ 26 ಕಾರ್ಡ್, ಆ 16 ಬಾರ್ ಸುಮಾರು 13 ಸೆಕೆಂಡಿನಲ್ಲಿ ಮುಗಿಯುತ್ತದೆ. ಷಡ್ಜ ಮೂರು ಕಡೆ ಸುತ್ತುತ್ತದೆ: ಬಿ, ಜಿ, ಇ ಫ್ಲ್ಯಾಟ್. ಬಿಯನ್ನು ಸ ಅಂದುಕೊಂಡರೆ ಉಳಿದೆರಡು ಶುದ್ಧ ಧೈವತ ಮತ್ತು ಅಂತರ ಗಾಂಧಾರದ ಜಾಗ. 12 ಸ್ವರಸ್ಥಾನಗಳನ್ನು ಸರಿಯಾಗಿ ಮೂರು ಪಾಲು ಮಾಡಿದ ಹಾಗೆ. ಗ್ರಹಭೇದ ಮಾಡಿ ತೋರಿಸುವ ವಿದ್ವಾಂಸರು ಒಂದು ಸಲ ಷಡ್ಜ ಬದಲಾಯಿಸಿದರೆ ಸಭೆ ಚಪ್ಪಾಳೆ ತಟ್ಟುತ್ತದೆ. ಇದು ಅದನ್ನೇ ಸೆಕೆಂಡಿಗೊಂದರಂತೆ ಮಾಡುವ ಕೆಲಸ.

ಈ ಲೆಕ್ಕ ತಿಳಿದ ಮೇಲೆ ಪಿಯಾನೋ ಸೋಲೋ ಕೇಳಿ. ಟಾಮಿ ಫ್ಲ್ಯಾನಗನ್ ಸಣ್ಣ ಆಸಾಮಿ ಅಲ್ಲ, ಅಂದಿನ ಅತ್ಯುತ್ತಮ ಪಿಯಾನೋ ವಾದಕರಲ್ಲಿ ಒಬ್ಬರು. ಆದರೂ ಇಲ್ಲಿ ತಡವರಿಸುತ್ತಾರೆ, ಕೊನೆಗೆ ಬರೀ ಕಾರ್ಡ್ ಹಿಡಿದು ನಿಲ್ಲುತ್ತಾರೆ. ಮೊದಲು ಕೇಳಿದಾಗ ಅದು ಸ್ಟೈಲ್ ಅಂದುಕೊಂಡಿದ್ದೆ! 1982ರಲ್ಲಿ ಅವರು ಕೋಲ್ಟ್ರೇನ್ ನೆನಪಿಗೆ ಮಾಡಿದ ತಮ್ಮದೇ ಆಲ್ಬಮ್ಮಿನಲ್ಲಿ ಇದೇ ಹಾಡನ್ನು ನಿರಾಳವಾಗಿ ನುಡಿಸಿದ್ದಾರೆ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಇಪ್ಪತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೇನೋ ಅನಿಸುತ್ತದೆ.

ಇನ್ನೊಂದು ವಿಷಯ. ಕೋಲ್ಟ್ರೇನ್ ಕೈಂಡ್ ಆಫ್ ಬ್ಲೂ ಮುಗಿಸಿದ್ದು ಏಪ್ರಿಲ್ 22ಕ್ಕೆ. ಇದನ್ನು ರೆಕಾರ್ಡ್ ಮಾಡಿದ್ದು ಅದೇ 1959ರ ಮೇ ಮೊದಲ ವಾರದಲ್ಲಿ. ಬೇಸ್ ಎರಡರಲ್ಲೂ ಪಾಲ್ ಚೇಂಬರ್ಸ್. ಹದಿನೈದು ದಿನದೊಳಗೆ ಎರಡು ತುದಿ.

ವಿಶ್ಲೇಷಣೆ ಬರೆಯುವವರು ತಪ್ಪು ಮಾಡುವುದಿಲ್ಲವಾ?

ಮಾಡುತ್ತಾರೆ, ಮತ್ತು ಅದನ್ನು ಓದುವುದು ಬಹಳ ಚೆನ್ನಾಗಿರುತ್ತದೆ. ಜಾಜ್ ವಿಶ್ಲೇಷಣೆಯ ಅತ್ಯಂತ ಹೆಸರುವಾಸಿ ಲೇಖನವೇ ಇದಕ್ಕೆ ಉದಾಹರಣೆ. ಸ್ಯಾಕ್ಸೋಫೋನ್ ವಾದಕ ಸನ್ನಿ ರೋಲಿನ್ಸ್ 1956ರ ಜೂನ್ 22ರಂದು ‘ಬ್ಲೂ 7’ ಎಂಬ ಹನ್ನೊಂದು ನಿಮಿಷದ ಬ್ಲೂಸ್ ರೆಕಾರ್ಡ್ ಮಾಡಿದರು. ಅದರ ಬಗ್ಗೆ 1958ರಲ್ಲಿ ಗುಂಥರ್ ಶುಲ್ಲರ್ ಒಂದು ಲೇಖನ ಬರೆದರು. ಶುಲ್ಲರ್ ಸ್ವತಃ ಸಂಯೋಜಕರು, ಮೈಲ್ಸ್ ಡೇವಿಸ್ ಜತೆ ಫ್ರೆಂಚ್ ಹಾರ್ನ್ ನುಡಿಸಿದವರು. ರೋಲಿನ್ಸ್ ಆರಂಭದ ಧಾಟಿಯ ಒಂದು ಪುಟ್ಟ ತುಣುಕನ್ನೇ ಬೆಳೆಸಿ ಬೆಳೆಸಿ ಇಡೀ ಸೋಲೋ ಕಟ್ಟಿದ್ದಾರೆ, ಸುಮ್ಮನೆ ಒಂದರ ಹಿಂದೆ ಒಂದು ಪೋಣಿಸಿಲ್ಲ ಅನ್ನುವುದು ಅವರ ವಾದ.

ಓದಿದರೆ ಪುಳಕವಾಗುತ್ತದೆ. ಆದರೆ ಎರಡು ಕಥೆ ಇವೆ. ಮೊದಲನೆಯದು, ಆ ಲೇಖನ ಓದಿ ತಾನು ಗೊಂದಲಕ್ಕೆ ಬಿದ್ದೆ, ಇನ್ನು ವಿಮರ್ಶೆ ಓದುವುದಿಲ್ಲ ಎಂಬ ಅರ್ಥದ ಮಾತನ್ನು ರೋಲಿನ್ಸ್ ಆಡಿದ್ದರು. ಊದುವಾಗ ತಲೆಯಲ್ಲಿ ಇಲ್ಲದ್ದನ್ನೆಲ್ಲ ಯಾರೋ ಕಾಗದದ ಮೇಲೆ ತೋರಿಸಿದರೆ ಹಾಗಾಗದೆ ಇರುತ್ತಾ? ಎರಡನೆಯದು, 2014ರಲ್ಲಿ ಬೆಂಜಮಿನ್ ಗಿವನ್ ಎಂಬ ವಿದ್ವಾಂಸರು ರೋಲಿನ್ಸ್ ಅವರ ಆ ಕಾಲದ ಬೇರೆ ರೆಕಾರ್ಡುಗಳನ್ನೂ ಕೇಳಿ, ಆ ತುಣುಕು ಈ ಹಾಡಿಗೇ ಸೇರಿದ್ದಲ್ಲ, ಅವರ ರೂಢಿಯ ಮಾತು ಅಂತ ತೋರಿಸಿದರು. ಊರಲ್ಲಿ ಒಬ್ಬರು ಮಾತುಮಾತಿಗೂ ‘ನೋಡಿ ಸ್ವಾಮಿ’ ಅನ್ನುತ್ತಾರೆ ಅಂತಿಟ್ಟುಕೊಳ್ಳಿ. ಅವರ ಒಂದೇ ಭಾಷಣ ಕೇಳಿದವರಿಗೆ ಆ ಭಾಷಣದ ವಸ್ತುವೇ ‘ನೋಡುವುದು’ ಅಂತ ಅನಿಸಬಹುದಲ್ವಾ?

ಹಾಗಂತ ಶುಲ್ಲರ್ ಲೇಖನ ಬಿಸಾಡಬೇಡಿ. ಅದೇ ರೆಕಾರ್ಡಿನಲ್ಲಿ ಮ್ಯಾಕ್ಸ್ ರೋಚ್ ಅವರ ಡ್ರಮ್ ಸೋಲೋ ಒಂದು ಟ್ರಿಪ್ಲೆಟ್, ಒಂದು ಉರುಳಿಕೆ, ಇಷ್ಟರಿಂದಲೇ ಹೇಗೆ ಕಟ್ಟಿಕೊಂಡಿದೆ ಅಂತ ಅವರು ಹೇಳುತ್ತಾರೆ. ಅದು ಈಗಲೂ ಕಿವಿಗೆ ನಿಜ. ಟ್ರಿಪ್ಲೆಟ್ ಅಂದರೆ ತಿಶ್ರ. ನಮ್ಮ ತನಿ ಆವರ್ತನ ಕೇಳಿ ಬೆಳೆದವರು ಅದನ್ನು ಬೇಗ ಹಿಡಿಯಬಹುದು. ಬಿಟ್ಟ ಜಾಗಗಳನ್ನೂ ಎಣಿಸಿ, ರೋಚ್ ಅಲ್ಲೂ ನುಡಿಸುತ್ತಿದ್ದಾರೆ.

ಎಲ್ಲವನ್ನೂ ಬರೆದು ತೋರಿಸಬಹುದಾ?

ಇಲ್ಲ. ಖರಹರಪ್ರಿಯ ವರ್ಣದ ಸ್ವರಲಿಪಿಯನ್ನು ಗಮಕ ಗೊತ್ತಿಲ್ಲದವರ ಕೈಗೆ ಕೊಟ್ಟರೆ ಏನಾಗುತ್ತೆ? ಇಲ್ಲೂ ಅದೇ. ಸ್ವಿಂಗ್ ಅಂದರೆ ಒಂದು ಎಣಿಕೆಯನ್ನು ಉದ್ದ-ಗಿಡ್ಡ ಮಾಡಿ ಎರಡಾಗಿ ಒಡೆಯುವುದು. ನಿಧಾನಗತಿಯಲ್ಲಿ ಆ ವ್ಯತ್ಯಾಸ ದೊಡ್ಡದು, ವೇಗ ಹೆಚ್ಚಿದಂತೆ ಎರಡೂ ಸಮಕ್ಕೆ ಬರುತ್ತವೆ. ಕಾಗದದ ಮೇಲೆ ಮಾತ್ರ ಎಲ್ಲ ವೇಗಕ್ಕೂ ಒಂದೇ ಥರ ಬರೆದಿರುತ್ತಾರೆ. ಗಾಯಕಿ ಬಿಲ್ಲಿ ಹಾಲಿಡೇ ಎಣಿಕೆಗಿಂತ ಒಂದು ಕೂದಲೆಳೆ ಹಿಂದೆ ಬಂದು ಹಾಡುವುದನ್ನು ಯಾವ ಲಿಪಿಯಲ್ಲಿ ಬರೆಯುತ್ತೀರಿ?

ಇನ್ನೊಂದು ಕಿವಿಮಾತು. ತಟ್ಟುವುದಾದರೆ 2 ಮತ್ತು 4ನೇ ಎಣಿಕೆಗೆ ತಟ್ಟಿ. ಡ್ರಮ್ಮಿನವರ ಕಾಲಿನ ಸಿಂಬಲ್ ಸಾಮಾನ್ಯವಾಗಿ ಮುಚ್ಚಿಕೊಳ್ಳುವುದು ಅಲ್ಲೇ. ನಮ್ಮ ಕೈ ತಾನೇ ತಾನಾಗಿ ಸಮಕ್ಕೆ ಹೋಗುತ್ತದೆ, ಸ್ವಲ್ಪ ದಿನ ಹಿಡಿದುಕೊಳ್ಳಬೇಕು.

ಓದಿದ ಮೇಲೆ ಒಂದು ರೆಕಾರ್ಡ್ ಪೂರ್ತಿ ಬೇರೆಯಾಗಿ ಕೇಳಿಸಿದ್ದುಂಟಾ?

ಉಂಟು. ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’. ನಾಲ್ಕು ಭಾಗದ ಈ ಆಲ್ಬಮ್ ರೆಕಾರ್ಡ್ ಆದದ್ದು 1964ರ ಡಿಸೆಂಬರ್ 9ರಂದು. ಮೊದಲ ಭಾಗದಲ್ಲಿ ಬೇಸ್ ನಾಲ್ಕು ಸ್ವರದ ತುಣುಕೊಂದನ್ನು ಶುರುಮಾಡುತ್ತದೆ. ಎಫ್ ಷಡ್ಜವಾದರೆ ಅದು ಸ-ಗ-ಸ-ಮ, ಗಾಂಧಾರ ಸಾಧಾರಣ. ಸೋಲೋದ ಕೊನೆಗೆ ಕೋಲ್ಟ್ರೇನ್ ಈ ತುಣುಕನ್ನೇ ಹಿಡಿದು 12 ಸ್ವರಸ್ಥಾನಗಳ ಮೇಲೂ ಕೂರಿಸುತ್ತಾರೆ. ಓದುವ ಮೊದಲು ನನಗೆ ಆ ಭಾಗ ದಾರಿ ತಪ್ಪಿದ ಹಾಗೆ ಕೇಳುತ್ತಿತ್ತು. ಆಮೇಲೆ ಅದೇ ನಾಲ್ಕು ಸ್ವರಕ್ಕೆ ಬಾಯಲ್ಲಿ ಆ ಹೆಸರನ್ನೇ ಜಪದ ಹಾಗೆ ಹೇಳುತ್ತಾರೆ. ದಾರಿ ತಪ್ಪಿರಲಿಲ್ಲ, ಎಲ್ಲ ದಿಕ್ಕಿಗೂ ಪ್ರದಕ್ಷಿಣೆ ಹಾಕಿ ಬಂದಿದ್ದರು.

ನಾಲ್ಕನೇ ಭಾಗ ‘ಸಾಮ್’ (ಅಂದರೆ ಸ್ತುತಿಗೀತೆ) ತಾಳವಿಲ್ಲದ್ದು. ಆಲ್ಬಮ್ಮಿನ ಒಳಗೆ ಕೋಲ್ಟ್ರೇನ್ ಬರೆದ ಪ್ರಾರ್ಥನೆಯೊಂದು ಅಚ್ಚಾಗಿದೆ. ಸ್ಯಾಕ್ಸೋಫೋನ್ ಆ ಪ್ರಾರ್ಥನೆಯನ್ನು ಅಕ್ಷರ ಅಕ್ಷರವಾಗಿ ಓದುತ್ತಿದೆ ಅಂತ ಲೂಯಿಸ್ ಪೋರ್ಟರ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ಪ್ರಾರ್ಥನೆಯ ಪಠ್ಯ ಮುಂದಿಟ್ಟುಕೊಂಡು ಬೆರಳಿಟ್ಟು ಕೇಳಿ. ದಾಸರ ಉಗಾಭೋಗ ಕೇಳಿದವರಿಗೆ ಇದು ಹೊಸದಲ್ಲ: ತಾಳ ಇಲ್ಲ, ಮಾತಿನ ಉಸಿರೇ ಲಯ. ದೇವರಿಗೆ ವಂದನೆ ಹೇಳುವ ಸಾಲು ಬಂದಾಗಲೆಲ್ಲ ಸ್ವರ ಒಂದೇ ರೀತಿ ಕೆಳಗಿಳಿದು ಕೂರುತ್ತದೆ. ಇದಕ್ಕೆ ಯಾವ ಕಾರ್ಡಿನ ಜ್ಞಾನವೂ ಬೇಡ.

ಕರ್ನಾಟಕ ಸಂಗೀತ ಗೊತ್ತಿದ್ದರೆ ಲಾಭ ಇದೆಯಾ?

ಇದೆ, ಗುಂಡಿಯೂ ಇದೆ. ಲಾಭ ಎಣಿಕೆಯಲ್ಲಿ. ಗುಂಡಿಯೂ ಅಲ್ಲೇ. ಡೇವ್ ಬ್ರೂಬೆಕ್ ಕ್ವಾರ್ಟೆಟ್‌ನ ‘ಟೇಕ್ ಫೈವ್’ ಐದು ಎಣಿಕೆ ಅಂತ ಓದಿ ಖಂಡಛಾಪು ಹಾಕಿಕೊಂಡು ಕೂತರೆ ಕೈ ತಪ್ಪುತ್ತದೆ. ಖಂಡಛಾಪು 2+3, ಅದು 3+2. ಬ್ರೂಬೆಕ್ 1958ರಲ್ಲಿ ಅಮೆರಿಕ ಸರ್ಕಾರದ ಪ್ರವಾಸದಲ್ಲಿ ಭಾರತಕ್ಕೂ ಬಂದಿದ್ದರು. ಆ ಪ್ರವಾಸದಲ್ಲೇ ಟರ್ಕಿಯ ಬೀದಿಯಲ್ಲಿ ಕೇಳಿದ ಒಂಬತ್ತರ ಲಯ ಮರುವರ್ಷ ಟೇಕ್ ಫೈವ್ ಬಂದ ಆಲ್ಬಮ್ಮಿನ ಮೊದಲ ಹಾಡಾಯಿತು. ಅದು 2+2+2+3.

ಬೆಂಗಳೂರಿಗೆ ನೇರ ನಂಟು ಬೇಕಿದ್ದರೆ ಚಾರ್ಲಿ ಮರಿಯಾನೊ ಇದ್ದಾರೆ. ಚಾರ್ಲ್ಸ್ ಮಿಂಗಸ್ ಅವರ 1963ರ ಹೆಸರಾಂತ ಆಲ್ಬಮ್ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ಯಲ್ಲಿ ಆಲ್ಟೊ ಸ್ಯಾಕ್ಸೋಫೋನ್ ಊದಿದವರು. ಅವರೇ 1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜತೆ ‘ಜ್ಯೋತಿ’ ಆಲ್ಬಮ್ ಮಾಡಿದರು. ಗಾಯನ ಆರ್. ಎ. ರಮಾಮಣಿ, ಮೃದಂಗ ಟಿ. ಎ. ಎಸ್. ಮಣಿ. ಇದರ ಬಗ್ಗೆ ಕಾರ್ಡ್ ಲೆಕ್ಕದ ವಿಶ್ಲೇಷಣೆ ಹುಡುಕಬೇಡಿ, ಇಲ್ಲಿ ನೆಲ ಸರಿಯುವುದಿಲ್ಲ. ಮಿಂಗಸ್ ಆಲ್ಬಮ್ಮಿನಲ್ಲಿ ಚೀರುವ ಅದೇ ಸ್ಯಾಕ್ಸೋಫೋನ್ ಒಂದೇ ಷಡ್ಜದ ಮೇಲೆ ಕೂತಾಗ ಹೇಗೆ ಮೆತ್ತಗಾಗುತ್ತದೆ ಅಂತ ಕೇಳಿ.

ಇಷ್ಟೆಲ್ಲ ತಿಳಿದರೆ ಮಜಾ ಹೋಗುವುದಿಲ್ಲವಾ?

ನನಗೆ ಹೋಗಿಲ್ಲ. ರನ್ ಔಟ್ ನಿಯಮ ಗೊತ್ತಿದ್ದರೆ ಕ್ರಿಕೆಟ್ ಬೋರ್ ಆಗುತ್ತಾ? ಬೇಸರ ಬಂದ ದಿನ ಪುಸ್ತಕ ಮುಚ್ಚಿಡಿ, ಅಷ್ಟೇ.

ಸೋ ವಾಟ್ ಡಿ ಶ್ರುತಿ ಅಂತ ಎಲ್ಲ ಕಡೆ ಬರೆದಿದೆ. ನನ್ನ ಹಳೇ ಕ್ಯಾಸೆಟ್ ಡಿಗೆ ಸೇರುತ್ತಲೇ ಇಲ್ಲ. ನನ್ನ ಕಿವಿ ಸರಿ ಇಲ್ವಾ?

ನಿಮ್ಮ ಕಿವಿ ಬಹಳ ಚೆನ್ನಾಗಿದೆ. ನನಗೂ ಹೀಗೇ ಆಗಿತ್ತು. ಶ್ರುತಿಪೆಟ್ಟಿಗೆಯನ್ನು ಡಿಗೆ ಇಟ್ಟು, ಕ್ಯಾಸೆಟ್ ಹಾಕಿ, ಖರಹರಪ್ರಿಯ ಹಾಡಲು ಕೂತೆ. ಟೇಪಿನ ಶ್ರುತಿ ಒಂದು ಚೂರು ಮೇಲೆ. ಮುಂದಿನ ಮನೆಯಷ್ಟು ಮೇಲೂ ಇಲ್ಲ, ಇತ್ತ ಡಿ ಕೂಡ ಅಲ್ಲ. ಟೇಪ್ ರೆಕಾರ್ಡರಿನ ಬೆಲ್ಟ್ ಹಾಳಾಗಿದೆ ಅಂತ ರಿಪೇರಿಗೆ ಕೊಟ್ಟೆ. ಬೆಲ್ಟ್ ಬದಲಾಯಿತು, ದುಡ್ಡು ಹೋಯಿತು, ಶ್ರುತಿ ಅಲ್ಲೇ ಇತ್ತು. ಅದೇ ಕ್ಯಾಸೆಟ್ಟಿನ ಎರಡನೇ ಮಗ್ಗುಲು ಮಾತ್ರ ಸರಿಯಾಗಿ ಸೇರುತ್ತಿತ್ತು, ಅದು ಇನ್ನೂ ತಲೆ ಕೆಡಿಸಿತು.

ವರ್ಷಗಳ ಮೇಲೆ ಒಂದು ವಿಶ್ಲೇಷಣೆಯಲ್ಲಿ ಓದಿದೆ. ಮಾರ್ಚ್ 2ರಂದು ಸ್ಟುಡಿಯೋದ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡಿತ್ತು. ಅದನ್ನು ಸರಿಯಾದ ವೇಗದ ಯಂತ್ರದಲ್ಲಿ ಹಾಕಿದಾಗ ಆ ದಿನದ ಮೂರು ಹಾಡು, ಅಂದರೆ ಮೊದಲ ಮಗ್ಗುಲು ಪೂರ್ತಿ, ವೇಗವಾಗಿ, ಶ್ರುತಿ ಏರಿ ಬಂತು. 1990ರ ದಶಕದಲ್ಲಿ ಸರಿಪಡಿಸುವವರೆಗೆ ಮೂವತ್ತಕ್ಕೂ ಹೆಚ್ಚು ವರ್ಷ ಜಗತ್ತು ಕೇಳಿದ್ದು ಆ ಏರಿದ ಶ್ರುತಿಯನ್ನೇ. ಈಗ ಸಿಗುವ ಹೆಚ್ಚಿನ ಪ್ರತಿಗಳು ಸರಿಯಾದ ವೇಗದವು. ಹಳೇ ಕ್ಯಾಸೆಟ್ ಇನ್ನೂ ನನ್ನ ಹತ್ತಿರ ಇದೆ. ಅದನ್ನು ಕೇಳಬೇಕು ಅನಿಸಿದಾಗ ಶ್ರುತಿಪೆಟ್ಟಿಗೆಯ ಸಣ್ಣ ತಿರುಪನ್ನು ಒಂದು ಚೂರು ಬಲಕ್ಕೆ ತಿರುಗಿಸಿಕೊಳ್ಳುತ್ತೇನೆ.